ಸೆಸ್ಸಿನ ಹಣ, ಮೇಸ್ತ್ರಿಯ ಕಸುಬು, ವೈರ್‌ಮನ್ ಪರ್ಮಿಟ್ಟು

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆ. ಹನ್ನೆರಡು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇವೆ. ಮನೆಯವರು ಗಾರೆ ಮೇಸ್ತ್ರಿ, ದಿನಕ್ಕೆ ಒಂಬೈನೂರು ರೂಪಾಯಿ ಕೊಡುತ್ತಾರೆ. ನಾನೂ ಅವರ ಜೊತೆಯಲ್ಲೇ ಕೆಲಸಕ್ಕೆ ಹೋಗುತ್ತೇನೆ. ಮಗ ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಾನೆ. ಕಟ್ಟಡ ಕಾರ್ಮಿಕರಿಗೆ ಕೆಲಸ ಕಲಿಸಲು ಸರ್ಕಾರ ಕಾನೂನು ಮಾಡಿದೆ, ಅದಕ್ಕೆ ದುಡ್ಡೂ ಇದೆ ಎಂದು ಸೈಟಿನಲ್ಲಿ ಒಬ್ಬರು ಹೇಳಿದರು. ನಿಜವೇ? ಮನೆಯವರು ಸರ್ಟಿಫಿಕೇಟ್ ಮಾಡಿಸಿಕೊಂಡರೆ ಕೂಲಿ ಹೆಚ್ಚಾಗುತ್ತದೆಯೇ? ಮಗನನ್ನು ಯಾವುದಕ್ಕೆ ಸೇರಿಸಬೇಕು?

ಉತ್ತರ: ಕಾನೂನು ಇದೆ ತಾಯಿ, ದುಡ್ಡೂ ಇದೆ. ಸರ್ಟಿಫಿಕೇಟಿನಿಂದ ಕೂಲಿ ಏರುತ್ತದೆಯೇ ಎಂದರೆ, ಗಾರೆ ಕೆಲಸದಲ್ಲಿ ಸದ್ಯಕ್ಕೆ ಇಲ್ಲ, ವಿದ್ಯುತ್ ಕೆಲಸದಲ್ಲಿ ಹೌದು. ಒಂದೇ ಕಟ್ಟಡದ ಎರಡು ಕಸುಬುಗಳಿಗೆ ಹೀಗೆ ಎರಡು ನ್ಯಾಯ ಏಕೆ ಎಂಬುದನ್ನು ಮೊದಲು ಹೇಳುತ್ತೇನೆ. ಮಗನ ವಿಷಯಕ್ಕೆ ಉತ್ತರ ಅಲ್ಲಿಯೇ ಸಿಗುತ್ತದೆ. ಐಟಿಐಯಲ್ಲಿ ಬಹಳ ವರ್ಷ ಪಾಠ ಮಾಡಿದವನು ನಾನು. ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ.

ಸೈಟಿನಲ್ಲಿ ನಿಮಗೆ ಹೇಳಿದವರು ಸೆಸ್ಸಿನ ಕಾನೂನನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ಸೆಸ್ಸು ಎಂದರೆ ಕಟ್ಟಡ ಕಟ್ಟಿಸುವವರು ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟುವ ಒಂದು ಬಗೆಯ ತೆರಿಗೆ. ಕಟ್ಟಡ ಕಾರ್ಮಿಕರಿಗೆಂದು ಒಂದು ನಿಧಿ ಇರಬೇಕು ಎಂಬ ಯೋಚನೆಗೆ ಮೊದಲು ರೂಪ ಕೊಟ್ಟದ್ದು ನೆರೆಯ ರಾಜ್ಯಗಳು. ಕೇರಳ 1989ರಲ್ಲಿಯೇ ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆ ಮಾಡಿತು. ತಮಿಳುನಾಡು ದೈಹಿಕ ಶ್ರಮಿಕರಿಗಾಗಿ 1982ರಲ್ಲಿ ಮಾಡಿದ್ದ ಕಾಯ್ದೆಯ ಕೆಳಗೆ ಕಟ್ಟಡದವರಿಗೆ ಬೇರೆ ಮಂಡಳಿ ಮಾಡಿಕೊಂಡಿತು. ಕಾರ್ಮಿಕ ಸಂಘಟನೆಗಳು ವರ್ಷಗಟ್ಟಲೆ ದೆಹಲಿಗೆ ಎಡತಾಕಿದ ಮೇಲೆ 1996ರಲ್ಲಿ ಸಂಸತ್ತು ಎರಡು ಕಾಯ್ದೆಗಳನ್ನು ಜೊತೆಯಾಗಿ ತಂದಿತು. ಒಂದು ಕೆಲಸದ ಸ್ಥಿತಿಗತಿಗೆ, ಇನ್ನೊಂದು ಸೆಸ್ಸಿಗೆ. ಕರ್ನಾಟಕ ತನ್ನ ನಿಯಮಗಳನ್ನು ಬರೆದುಕೊಂಡದ್ದು 2006ರಲ್ಲಿ, ಆ ನಿಧಿಯನ್ನು ನೋಡಿಕೊಳ್ಳುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ರಚನೆಯಾದದ್ದು 2007ರಲ್ಲಿ. ಕಾಯ್ದೆ ಬಂದು ಹತ್ತು ವರ್ಷ ನಮ್ಮಲ್ಲಿ ಅದು ಕಾಗದದಲ್ಲೇ ಇತ್ತು. ಆ ಹತ್ತು ವರ್ಷಗಳಲ್ಲಿಯೇ ಬೆಂಗಳೂರು ಬೆಳೆದ ಪರಿಯನ್ನು ನೆನೆದರೆ ಎಷ್ಟು ಸೆಸ್ಸು ಕೈತಪ್ಪಿತೋ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಸೆಸ್ಸಿನ ಲೆಕ್ಕ ಕಷ್ಟದ್ದಲ್ಲ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಕಟ್ಟಿಸುವವರು ಕೊಡಬೇಕು. ಜಮೀನಿನ ಬೆಲೆ ಇದರಲ್ಲಿ ಸೇರುವುದಿಲ್ಲ. ಎರಡು ಕೋಟಿ ರೂಪಾಯಿಯ ಅಪಾರ್ಟ್‌ಮೆಂಟ್ ಎದ್ದರೆ ಎರಡು ಲಕ್ಷ ಮಂಡಳಿಗೆ. ಸರ್ಕಾರಿ ಕಾಮಗಾರಿಯಾದರೆ ಗುತ್ತಿಗೆದಾರರ ಬಿಲ್ಲಿನಲ್ಲಿಯೇ ಹಿಡಿದುಕೊಳ್ಳುತ್ತಾರೆ. ಖಾಸಗಿ ಕಟ್ಟಡವಾದರೆ ನಕ್ಷೆ ಮಂಜೂರಾಗುವಾಗಲೇ ಸ್ಥಳೀಯ ಸಂಸ್ಥೆ ಕಟ್ಟಿಸಿಕೊಳ್ಳುತ್ತದೆ. ನಿಮ್ಮ ಕೂಲಿಯಿಂದ ಇದಕ್ಕೆ ಒಂದು ಪೈಸೆಯನ್ನೂ ಯಾರೂ ಮುರಿಯುವಂತಿಲ್ಲ. ಹಾಗೆ ಮುರಿದುಕೊಳ್ಳುವ ಗುತ್ತಿಗೆದಾರ ನಿಮಗೆ ಸುಳ್ಳು ಹೇಳುತ್ತಿದ್ದಾನೆ.

ಇನ್ನು ಈ ಹಣ ಯಾವುದಕ್ಕೆ ಎಂಬ ಮಾತು. 1996ರ ಕಾಯ್ದೆಯ 22ನೆಯ ಕಲಮು ಮಂಡಳಿಯ ಕೆಲಸಗಳನ್ನು ಹೆಸರಿಸಿತ್ತು. ಅಪಘಾತವಾದಾಗ ನೆರವು, ಅರವತ್ತು ತುಂಬಿದವರಿಗೆ ಪಿಂಚಣಿ, ಮನೆ ಕಟ್ಟಿಕೊಳ್ಳಲು ಸಾಲ, ಗುಂಪು ವಿಮೆಯ ಕಂತು, ಮಕ್ಕಳ ವಿದ್ಯಾಭ್ಯಾಸಕ್ಕೆ ಸಹಾಯ, ದೊಡ್ಡ ಕಾಯಿಲೆಗೆ ಚಿಕಿತ್ಸೆ, ಹೆರಿಗೆ ಭತ್ಯೆ. ಎಲ್ಲವೂ ಬೇಕಾದವೇ. ಆದರೆ ಕೆಲಸಗಾರನ ಕಸುಬು ಈ ಪಟ್ಟಿಯಲ್ಲಿ ಇರಲಿಲ್ಲ. ಮಕ್ಕಳು ಓದಬೇಕು ಎಂದು ಕಾನೂನಿಗೆ ಹೊಳೆಯಿತು, ಅಪ್ಪ ಅಮ್ಮನೂ ಇನ್ನೊಂದಿಷ್ಟು ಕಲಿಯಬಹುದು ಎಂದು ಹೊಳೆಯಲಿಲ್ಲ. ಕೊನೆಯಲ್ಲಿ ‘ಇತರ ಕಲ್ಯಾಣ ಕ್ರಮಗಳು’ ಎಂಬ ಒಂದು ಸಾಲಿತ್ತು. ತರಬೇತಿಗೆಂದು ರಾಜ್ಯಗಳು ಏನು ಮಾಡಿದವೋ ಅದೆಲ್ಲ ಆ ಒಂದು ಸಾಲಿನ ಸಂದಿಯಲ್ಲಿ ನುಸುಳಿ ಮಾಡಿದ್ದು. ನಮ್ಮ ಮಂಡಳಿಯ ‘ಶ್ರಮ ಸಾಮರ್ಥ್ಯ’ ಯೋಜನೆ ಅಂಥದ್ದು: ನೋಂದಾಯಿತ ಕಾರ್ಮಿಕರಿಗೆ ತರಬೇತಿ, ಜೊತೆಗೆ ಕಸುಬಿಗೆ ತಕ್ಕ ಉಪಕರಣಗಳ ಪೆಟ್ಟಿಗೆ.

ಪೆಟ್ಟಿಗೆ ಬೇಗ ಹಂಚಿಹೋಗುತ್ತದೆ. ವೇದಿಕೆ ಹಾಕಿ, ಫೋಟೊ ತೆಗೆಸಿ, ಒಂದೇ ಮಧ್ಯಾಹ್ನದಲ್ಲಿ ಇನ್ನೂರು ಜನಕ್ಕೆ ಕೊಡಬಹುದು. ತರಬೇತಿಯನ್ನು ಹಾಗೆ ಹಂಚಲಾಗದು. ಮಂಡಳಿಗಳ ಖರ್ಚಿನ ಕಥೆಯನ್ನು ದೇಶದ ಮಟ್ಟದಲ್ಲಿ ನೋಡಬೇಕಾದರೆ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪನ್ನು ಓದಬೇಕು. ಎಲ್ಲ ರಾಜ್ಯಗಳೂ ಸೇರಿ ಅಲ್ಲಿಯವರೆಗೆ ಸಂಗ್ರಹಿಸಿದ್ದ ಸೆಸ್ಸು 37,400 ಕೋಟಿ ರೂಪಾಯಿಗೂ ಹೆಚ್ಚು. ಕಾರ್ಮಿಕರ ಹೆಸರಿನಲ್ಲಿ ಖರ್ಚಾದದ್ದು ಸುಮಾರು 9,500 ಕೋಟಿ. ಆ ಖರ್ಚಿನಲ್ಲಿಯೂ ಲ್ಯಾಪ್‌ಟಾಪು, ವಾಷಿಂಗ್ ಮೆಷಿನ್ನುಗಳಿದ್ದವು ಎಂದು ಲೆಕ್ಕಪರಿಶೋಧಕರು ನ್ಯಾಯಾಲಯದ ಮುಂದೆ ಹೇಳಿದ್ದರು. ತಗಡಿನ ಶೆಡ್ಡಿನಲ್ಲಿ, ಟ್ಯಾಂಕರ್ ನೀರಿಗೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರಿಗೆ ವಾಷಿಂಗ್ ಮೆಷಿನ್ನು!

ಈಗ ನಿಮ್ಮ ಯಜಮಾನರ ಸರ್ಟಿಫಿಕೇಟಿನ ವಿಷಯಕ್ಕೆ ಬರುತ್ತೇನೆ. ಶಾಲೆಗೆ ಹೋಗದೆ ಸೈಟಿನಲ್ಲಿಯೇ ಕಲಿತವರಿಗಾಗಿ ‘ಆರ್‌ಪಿಎಲ್’ ಎಂಬ ವ್ಯವಸ್ಥೆ ಇದೆ. ಈಗಾಗಲೇ ಕಲಿತಿರುವುದಕ್ಕೆ ಮಾನ್ಯತೆ ಎಂದು ಇದರ ಅರ್ಥ. 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಮೂಲಕ ಇದು ದೇಶದ ಎಲ್ಲೆಡೆ ಹರಡಿತು. ಕೆಲವು ಗಂಟೆಗಳ ತಿಳಿವಳಿಕೆ ಪಾಠ, ಆಮೇಲೆ ಒಂದು ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ.

ಅಂಥ ಒಂದು ಪರೀಕ್ಷೆಗೆ ನಾನು ಹೋಗಿದ್ದೆ, ಸುಮ್ಮನೆ ನೋಡುವುದಕ್ಕೆ. ಇಪ್ಪತ್ತೆರಡು ವರ್ಷ ಕರಣೆ ಹಿಡಿದ ಮೇಸ್ತ್ರಿಯೊಬ್ಬರು ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ಅವರ ಕೈಯಲ್ಲಿ ಟ್ಯಾಬ್ಲೆಟ್. ಲಂಬಕೋನವನ್ನು ಪರೀಕ್ಷಿಸಲು ಯಾವ ಪ್ರಮೇಯ ಬಳಸುತ್ತಾರೆ ಎಂಬ ಪ್ರಶ್ನೆಗೆ ನಾಲ್ಕು ಉತ್ತರಗಳು ತೆರೆಯ ಮೇಲಿದ್ದವು. ಅವರು ನಾಲ್ಕನ್ನೂ ಒಂದೊಂದಾಗಿ ಓದಿದರು, ನನ್ನ ಕಡೆ ನೋಡಿದರು, ಯಾವುದೋ ಒಂದನ್ನು ಒತ್ತಿದರು. ತಪ್ಪು. ಹೊರಗೆ ಬಂದು ಬೀಡಿ ಹಚ್ಚುವಾಗ ನಾನು ಕೇಳಿದೆ, ಪಾಯ ಗುರುತು ಹಾಕುವಾಗ ಮೂಲೆಮಟ್ಟ ಹೇಗೆ ತೆಗೆಯುತ್ತೀರಿ ಎಂದು. ‘ದಾರ ಹಿಡಿದು ಈ ಕಡೆ ಮೂರಡಿ, ಆ ಕಡೆ ನಾಲ್ಕಡಿಗೆ ಗುರುತು. ಎರಡರ ನಡುವೆ ಐದಡಿ ಬಂದರೆ ಮೂಲೆ ಸರಿ’ ಎಂದರು. ಒಂದು ದಮ್ಮು ಎಳೆದು, ‘ಮೂರು ನಾಲ್ಕು ಸಣ್ಣ ರೂಮಿಗಾಯಿತು ಸಾರ್. ಪಾಯಕ್ಕೆ ನಾವು ಆರು, ಎಂಟು, ಹತ್ತು ಹಿಡಿಯುತ್ತೇವೆ. ಅಳತೆ ದೊಡ್ಡದಾದಷ್ಟೂ ತಪ್ಪು ಕಡಿಮೆ’ ಎಂದು ಸೇರಿಸಿದರು. ಪೈಥಾಗೊರಸ್ ಪ್ರಮೇಯವಷ್ಟೇ ಅಲ್ಲ, ಅಳತೆಯ ದೋಷವನ್ನು ತಗ್ಗಿಸುವ ಬಗೆಯೂ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಆ ಹೆಸರು ಮಾತ್ರ.

ಹಾಗೆಂದು ಮೇಸ್ತ್ರಿಗಳಿಗೆ ಕಲಿಯುವುದೇನೂ ಉಳಿದಿಲ್ಲ ಎಂದುಕೊಳ್ಳಬೇಡಿ. ಅದೇ ಮೇಸ್ತ್ರಿಯ ಸೈಟಿಗೆ ಮರುವಾರ ಹೋಗಿದ್ದೆ. ಸ್ಲ್ಯಾಬಿನ ಕಂಬಿ ಕಟ್ಟಿ ಮುಗಿದಿತ್ತು. ಕಂಬಿಯನ್ನು ಸೆಂಟ್ರಿಂಗ್ ಹಲಗೆಯಿಂದ ಎತ್ತಿ ಹಿಡಿಯಲು ಕವರ್ ಬ್ಲಾಕಿನ ಬದಲು ಜಲ್ಲಿಕಲ್ಲಿನ ಚೂರು ಇಟ್ಟಿದ್ದರು. ಕಂಬಿಯ ಕೆಳಗೆ ಇಪ್ಪತ್ತು ಮಿಲಿಮೀಟರ್ ಕಾಂಕ್ರೀಟ್ ಇರಬೇಕೆಂದು ಮಾನದಂಡ ಹೇಳುತ್ತದೆ. ಕಾಂಕ್ರೀಟ್ ಸುರಿದು ನಾಲ್ಕು ಜನ ಮೇಲೆ ಓಡಾಡಿದರೆ ಜಲ್ಲಿ ಚೂರು ಜಾರುತ್ತದೆ, ಕಂಬಿ ಹಲಗೆಗೆ ತಾಗುತ್ತದೆ. ಹತ್ತು ವರ್ಷದ ಮೇಲೆ ಕಂಬಿ ತುಕ್ಕು ಹಿಡಿದು ಉಬ್ಬಿ, ತಾರಸಿಯ ಒಳಮೈಯಿಂದ ಪದರ ಕಳಚಿ ಬೀಳುವುದು ಇದರಿಂದಲೇ. ಕಾಂಕ್ರೀಟ್ ಸಲೀಸಾಗಿ ಹರಿಯಲಿ ಎಂದು ಕಣ್ಣಳತೆಯಲ್ಲಿ ಒಂದು ಬಕೆಟ್ ನೀರು ಹೆಚ್ಚು ಸುರಿಯುವುದೂ ಇದ್ದೇ ಇತ್ತು. ಇಪ್ಪತ್ತೆರಡು ವರ್ಷದ ಅನುಭವ ಇವನ್ನು ಕಲಿಸಿರಲಿಲ್ಲ, ಕಲಿಸುವುದೂ ಇಲ್ಲ. ಏಕೆಂದರೆ ತಪ್ಪು ಹೊರಗೆ ಕಾಣುವ ಹೊತ್ತಿಗೆ ಮೇಸ್ತ್ರಿ ಆ ಮನೆ ಬಿಟ್ಟು ಇನ್ನೂರು ಮನೆ ಕಟ್ಟಿರುತ್ತಾರೆ. ತರಬೇತಿ ಬೇಕಾದದ್ದು ಇಂಥ ಕಡೆ. ನಮ್ಮ ಪರೀಕ್ಷೆಗಳು ಅವರಿಗೆ ಬರುವುದನ್ನು ಬರದ ಭಾಷೆಯಲ್ಲಿ ಕೇಳುತ್ತವೆ, ಬರದಿರುವುದನ್ನು ಕೇಳುವುದೇ ಇಲ್ಲ.

ಸರಿ, ಪರೀಕ್ಷೆ ಚೆನ್ನಾಗಿಯೇ ನಡೆದು ಪ್ರಮಾಣಪತ್ರ ಕೈಗೆ ಬಂತು ಎಂದುಕೊಳ್ಳೋಣ. ಕೂಲಿ ಏರುತ್ತದೆಯೇ? ಕನಿಷ್ಠ ವೇತನದ ಅಧಿಸೂಚನೆಯಲ್ಲಿ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ದರ್ಜೆಗಳಿವೆ. ಹೊಸ ವೇತನ ಸಂಹಿತೆಯೂ ವೇತನ ಗೊತ್ತುಮಾಡುವಾಗ ಮುಖ್ಯವಾಗಿ ಕುಶಲತೆಯನ್ನು, ಇಲ್ಲವೇ ಪ್ರದೇಶವನ್ನು ನೋಡಬೇಕು ಎನ್ನುತ್ತದೆ. ಆದರೆ ಈ ಪ್ರಮಾಣಪತ್ರ ಇದ್ದವನು ಈ ದರ್ಜೆಯವನು ಎಂದು ಕೂಲಿ ಕೊಡುವವರನ್ನು ಕಟ್ಟಿಹಾಕುವ ಗಂಟು ಎಲ್ಲಿಯೂ ಇಲ್ಲ. ಸೈಟಿನಲ್ಲಿ ದರ್ಜೆ ಗೊತ್ತಾಗುವುದು ಗೋಡೆ ನೋಡಿ. ರಸಮಟ್ಟ ಇಟ್ಟು, ಗುಂಡು ಬಿಟ್ಟು ನೋಡುವ ಗುತ್ತಿಗೆದಾರ ಕಾಗದ ಕೇಳುವುದಿಲ್ಲ. ನಿಮ್ಮ ಯಜಮಾನರ ಒಂಬೈನೂರು ಈಗಲೂ ಅವರ ಕೈಗೆ ಸಿಗುತ್ತಿರುವ ಕೂಲಿ, ಪ್ರಮಾಣಪತ್ರ ಬಂದ ಮರುದಿನವೂ ಅಷ್ಟೇ ಇರುತ್ತದೆ. ದೊಡ್ಡ ಕಂಪನಿಯ ಸೈಟಿಗೆ, ಮೆಟ್ರೊ ಕಾಮಗಾರಿಗೆ ಅಥವಾ ಗಲ್ಫಿಗೆ ಹೋಗುವ ಮನಸ್ಸಿದ್ದರೆ ಮಾತ್ರ ಆ ಕಾಗದ ಗೇಟಿನಲ್ಲಿ ಕೆಲಸಕ್ಕೆ ಬಂದೀತು. ಪುಕ್ಕಟೆ ಸಿಗುವುದಾದರೆ, ಎರಡು ದಿನದ ಕೂಲಿ ನಷ್ಟ ತುಂಬಿಕೊಡುವುದಾದರೆ ಮಾಡಿಸಿಕೊಳ್ಳಲಿ. ಏಜೆಂಟನಿಗೆ ದುಡ್ಡು ಕೊಟ್ಟು ಬೇಡ.

ವಿದ್ಯುತ್ತಿನ ಕೆಲಸಕ್ಕೆ ಬನ್ನಿ, ಚಿತ್ರವೇ ಬೇರೆ. ಅಲ್ಲಿ ಕಾನೂನು ಸಹಾಯಧನ ಕೊಟ್ಟು ಸುಮ್ಮನಾಗಲಿಲ್ಲ, ಬಾಗಿಲಿಗೆ ಬೀಗವನ್ನೇ ಹಾಕಿತು. ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದರೆ ವೈರಿಂಗ್ ಮುಗಿದ ವರದಿಗೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಸಹಿ ಬೇಕು. ಆ ಪರವಾನಗಿ, ಅವರ ಕೆಳಗೆ ಕೆಲಸ ಮಾಡುವವರ ಮೇಲ್ವಿಚಾರಕ ಪರ್ಮಿಟ್ಟು, ವೈರ್‌ಮನ್ ಪರ್ಮಿಟ್ಟು, ಇವೆಲ್ಲ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಮೂಲಕ ಆಗಬೇಕು. ಬೆಂಗಳೂರಿನಲ್ಲಿ ಜಲಮಂಡಳಿಯ ನೀರು, ಒಳಚರಂಡಿ ಸಂಪರ್ಕಕ್ಕೂ ಪರವಾನಗಿ ಇರುವ ಪ್ಲಂಬರೇ ಬೇಕು. ಅವನ ಸಹಿಯಿಲ್ಲದೆ ಮನೆಯ ಮಾಲೀಕರ ಕೆಲಸ ನಿಲ್ಲುತ್ತದೆ, ಆದ್ದರಿಂದ ಅವನ ಕಾಗದಕ್ಕೆ ಬೆಲೆ. ಮೇಸ್ತ್ರಿ ಕಟ್ಟಿದ ಗೋಡೆಗೆ, ಸೆಂಟ್ರಿಂಗಿನವನು ನಿಲ್ಲಿಸಿದ ಆಸರೆಗೆ, ಕಂಬಿ ಕಟ್ಟಿದವನ ರಿಂಗಿಗೆ ಅವರ ಸಹಿಯನ್ನು ಯಾರೂ ಕೇಳುವುದಿಲ್ಲ. ಸ್ಲ್ಯಾಬು ಕುಸಿದರೂ ಯಾವ ಕಾಗದದಲ್ಲಿಯೂ ಅವರ ಹೆಸರಿರುವುದಿಲ್ಲ. ಪರಿಹಾರದ ಪಟ್ಟಿಯೊಂದನ್ನು ಬಿಟ್ಟು.

ಇದರ ಅರ್ಥ ನಾಳೆಯೇ ಎಲ್ಲ ಮೇಸ್ತ್ರಿಗಳಿಗೂ ಪರವಾನಗಿ ಕಡ್ಡಾಯ ಮಾಡಿ ಎಂದು ನಾನು ಹೇಳುತ್ತಿದ್ದೇನೆ ಎಂದಲ್ಲ. ಹಾಗೆ ಮಾಡಿದರೆ ಮೊದಲು ಮನೆಗೆ ಹೋಗುವವರು ನಿಮ್ಮ ಯಜಮಾನರಂಥವರೇ. ಸರ್ಕಾರಿ ಕಾಮಗಾರಿಯ ಟೆಂಡರಿನಲ್ಲಿ ಇಂತಿಷ್ಟು ಪಾಲು ಪ್ರಮಾಣಿತ ಕುಶಲಕರ್ಮಿಗಳಿರಬೇಕು, ಅವರಿಗೆ ಕುಶಲ ದರ್ಜೆಯ ಕೂಲಿ ಬ್ಯಾಂಕ್ ಖಾತೆಗೇ ಹೋಗಬೇಕು ಎಂದು ಬರೆದರೆ ಸಾಕಾಗುತ್ತದೆ. ಆಗ ಗುತ್ತಿಗೆದಾರನೇ ತನ್ನ ಮೇಸ್ತ್ರಿಗಳನ್ನು ಪರೀಕ್ಷೆಗೆ ಕರೆತರುತ್ತಾನೆ.

ಆದ್ದರಿಂದ ಮಗನನ್ನು ಸೆಂಟ್ರಿಂಗಿಗೆ ಕಳಿಸಬೇಡಿ. ಹದಿನೆಂಟು ತುಂಬದವನು ಸಾರವೆ ಹತ್ತುವುದೇ ಬೇಡ. ಮಂಡಳಿಯ ನೋಂದಣಿಯೂ ಹದಿನೆಂಟರ ಮೇಲೆಯೇ. ಅವನನ್ನು ಐಟಿಐಗೆ ಸೇರಿಸಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನದ ಅಂಕ ಪರವಾಗಿಲ್ಲ ಎನ್ನುವಂತಿದ್ದರೆ ಎಲೆಕ್ಟ್ರಿಷಿಯನ್, ಎರಡು ವರ್ಷ. ಸೀಟು ಸಿಗದಿದ್ದರೆ ವೈರ್‌ಮನ್, ಅದೂ ಎರಡು ವರ್ಷ. ಬೇಗ ದುಡಿಯಬೇಕು ಎಂಬ ಅವಸರವಿದ್ದರೆ ಪ್ಲಂಬರ್, ಒಂದೇ ವರ್ಷ. ಸರ್ಕಾರಿ ಐಟಿಐ ಸಿಕ್ಕರೆ ಅದನ್ನೇ ಹಿಡಿಯಿರಿ, ಶುಲ್ಕ ಕಡಿಮೆ. ನೀವಿಬ್ಬರಲ್ಲಿ ಒಬ್ಬರಾದರೂ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಐಟಿಐ ಓದಿಗೂ ಮಂಡಳಿಯ ಶೈಕ್ಷಣಿಕ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಅಪ್ಪನ ಸೆಸ್ಸಿನ ಹಣದಲ್ಲಿ ಮಗ ಕಸುಬು ಕಲಿಯಲು ಇರುವ ನೇರ ದಾರಿ ಇದೊಂದೇ.

‘ಗಾರೆ ಕೆಲಸಕ್ಕೂ ಐಟಿಐಯಲ್ಲಿ ಕೋರ್ಸ್ ಇದೆಯಲ್ಲ, ಅಪ್ಪನ ಕಸುಬನ್ನೇ ಕಲಿಯಲಿ’ ಎಂದು ನೀವು ಕೇಳಬಹುದು. ಇದೆ. ನಾನಿದ್ದ ಸಂಸ್ಥೆಯಲ್ಲಿ ಆ ವಿಭಾಗಕ್ಕೆ ಪ್ರತಿ ವರ್ಷ ಮಕ್ಕಳನ್ನು ಹುಡುಕಿ ತರಬೇಕಾಗಿತ್ತು, ಬಂದವರೂ ದಸರಾ ರಜೆಯ ಮೇಲೆ ಕಾಣಿಸುತ್ತಿರಲಿಲ್ಲ. ಮೇಸ್ತ್ರಿಗಳ ಮಕ್ಕಳು ಸಹ ಬರುತ್ತಿರಲಿಲ್ಲ. ಒಂದು ವರ್ಷ ಕುಳಿತು ಕಲಿತವನಿಗೂ, ಮಾವನ ಜೊತೆ ಸೈಟಿಗೆ ಹೋಗಿ ಕಲಿತವನಿಗೂ ಅದೇ ಕೂಲಿ ಎಂದಾದರೆ ಯಾರು ಬರುತ್ತಾರೆ? ರಾಜ್ಯ ಸರ್ಕಾರ ‘ಉದ್ಯೋಗ’ ಯೋಜನೆಯಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿತು. ರೋಬೊ, ಸಿಎನ್‌ಸಿ ಯಂತ್ರ, ಎಲೆಕ್ಟ್ರಿಕ್ ವಾಹನ ಬಂದವು. ಬರಲಿ, ಸಂತೋಷವೇ. ಆ ಯಂತ್ರಗಳನ್ನು ಇಡುವ ಕಟ್ಟಡವನ್ನು ಕಟ್ಟುವವರ ವಿಭಾಗಕ್ಕೂ ಆ ಹೊಸತನದಲ್ಲಿ ಒಂದು ಪಾಲು ಸಿಗಬೇಕಿತ್ತು ಎಂಬುದು ನನ್ನ ಹಳೆಯ ತಕರಾರು.

ಐಟಿಐ ಮುಗಿದ ಮೇಲೆ ಮಗ ಅಪ್ರೆಂಟಿಸ್‌ಶಿಪ್ ತಪ್ಪಿಸಿಕೊಳ್ಳಬಾರದು. 1961ರ ಶಿಶಿಕ್ಷು ಕಾಯ್ದೆಯ ಪ್ರಕಾರ, ಗುತ್ತಿಗೆ ನೌಕರರೂ ಸೇರಿ ಮೂವತ್ತು ಜನಕ್ಕಿಂತ ಕಡಿಮೆಯಿಲ್ಲದ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕಾರ್ಖಾನೆಗಳಲ್ಲಿ ಇದು ನಡೆಯುತ್ತದೆ. ಕಟ್ಟಡದಲ್ಲಿ ದೊಡ್ಡ ಗುತ್ತಿಗೆದಾರ ಸಣ್ಣ ಗುತ್ತಿಗೆದಾರನಿಗೆ, ಅವನು ಮೇಸ್ತ್ರಿಗೆ, ಮೇಸ್ತ್ರಿ ಊರಿನಿಂದ ಕರೆತಂದ ಹತ್ತು ಜನಕ್ಕೆ ಎಂದು ಕೆಲಸ ಇಳಿದು ಇಳಿದು ಬರುವುದರಿಂದ, ಮೂವತ್ತು ಜನರನ್ನು ತನ್ನವರು ಎಂದು ಒಪ್ಪಿಕೊಳ್ಳುವವರೇ ಸಿಗುವುದಿಲ್ಲ. ಹಾಗಾಗಿ ಮಗ ಬಿಲ್ಡರ್ ಹತ್ತಿರ ಹೋಗುವ ಬದಲು ಕಾರ್ಖಾನೆಯಲ್ಲಿಯೋ ವಿದ್ಯುತ್ ಕಂಪನಿಯಲ್ಲಿಯೋ ಅಪ್ರೆಂಟಿಸ್ ಆಗಲಿ. ಒಂದು ಮಾತು ಅವನಿಗೆ ಮೊದಲೇ ತಿಳಿದಿರಲಿ: ಅಪ್ರೆಂಟಿಸ್ ಕಾನೂನಿನ ಕಣ್ಣಿನಲ್ಲಿ ಕಲಿಯುವವನು, ನೌಕರನಲ್ಲ. ಕೈಗೆ ಬರುವುದು ಶಿಷ್ಯವೇತನ, ಸಂಬಳವಲ್ಲ. ಅದು ಮುಗಿದ ಮೇಲೆ ವೈರ್‌ಮನ್ ಪರ್ಮಿಟ್ಟಿಗೆ ಅರ್ಜಿ. ಕೆಲವು ವರ್ಷ ಅನುಭವವಾದ ಮೇಲೆ ಮೇಲ್ವಿಚಾರಕ ಪರ್ಮಿಟ್ಟು, ಮುಂದೆ ಗುತ್ತಿಗೆದಾರನ ಪರವಾನಗಿ. ಇಪ್ಪತ್ತೆಂಟು ಮೂವತ್ತರ ಹೊತ್ತಿಗೆ ಅವನ ಸಹಿಗಾಗಿ ಕಾಯುವವರಿರುತ್ತಾರೆ.

ಈ ನಡುವೆ ಕಾನೂನೇ ಬದಲಾಗಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1996ರ ಎರಡೂ ಕಾಯ್ದೆಗಳು ಅವುಗಳೊಳಗೆ ಕರಗಿವೆ. ಮಂಡಳಿ ಉಳಿದಿದೆ, ಸೆಸ್ಸೂ ಉಳಿದಿದೆ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮಂಡಳಿಯ ಕೆಲಸಗಳ ಪಟ್ಟಿಯನ್ನು ಓದಿದಾಗ ನನಗೆ ಖುಷಿಯಾದ ಒಂದು ಸಾಲಿದೆ: ಫಲಾನುಭವಿಗಳಿಗೆ ಕೌಶಲ ಅಭಿವೃದ್ಧಿ ಮತ್ತು ಜಾಗೃತಿ ಯೋಜನೆಗಳನ್ನು ರೂಪಿಸುವುದು. ಹಳೆಯ ಕಾಯ್ದೆಯಲ್ಲಿ ‘ಇತರ’ದ ಮೂಲೆಯಲ್ಲಿದ್ದದ್ದಕ್ಕೆ ಹೆಸರು ಬಂತು. ‘ಕಾಯ್ದೆಯಲ್ಲಿ ಅವಕಾಶವಿಲ್ಲ’ ಎಂದು ತರಬೇತಿಯ ಕಡತವನ್ನು ವಾಪಸ್ ಕಳಿಸಲು ಇನ್ನು ಮುಂದೆ ಯಾವ ಅಧಿಕಾರಿಗೂ ಆಗದು.

ಅದೇ ಸಂಹಿತೆಯಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ ಸಾಲೂ ಇದೆ. ಹಿಂದೆ ಸ್ವಂತ ವಾಸಕ್ಕೆ ಕಟ್ಟಿಸಿಕೊಳ್ಳುವ ಮನೆಯ ವೆಚ್ಚ ಹತ್ತು ಲಕ್ಷ ಮೀರದಿದ್ದರೆ ಸೆಸ್ಸು ಇರಲಿಲ್ಲ. ಈಗ ಆ ಗೆರೆ ಐವತ್ತು ಲಕ್ಷಕ್ಕೆ ಹೋಗಿದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಟ್ಟಡವೂ ಹೊರಗೆ. ಮನೆ ಕಟ್ಟಿಸಿಕೊಳ್ಳುವ ಮಧ್ಯಮ ವರ್ಗದವರಿಗೆ ಹಗುರಾಯಿತು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ಸಂಹಿತೆ ಇಂಥ ಮನೆಗಳನ್ನು ‘ಕಟ್ಟಡ ಕಾಮಗಾರಿ’ ಎಂಬ ಪದದ ವ್ಯಾಖ್ಯೆಯಿಂದಲೇ ತೆಗೆದಿಟ್ಟಿದೆ. ಮಂಡಳಿಯ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ‘ಕಟ್ಟಡ ಕಾಮಗಾರಿ’ಯಲ್ಲಿ ದುಡಿದಿರಬೇಕು. ಎರಡೂ ಸಾಲುಗಳನ್ನು ಪಕ್ಕಪಕ್ಕ ಇಟ್ಟು ಕಟ್ಟುನಿಟ್ಟಾಗಿ ಓದುವ ಅಧಿಕಾರಿಯೊಬ್ಬರು ಬಂದರೆ, ಬರೀ ಮೂವತ್ತು–ನಲವತ್ತರ ಸೈಟಿನ ಮನೆಗಳನ್ನೇ ಕಟ್ಟುವ ಮೇಸ್ತ್ರಿಯ ತೊಂಬತ್ತು ದಿನ ಲೆಕ್ಕಕ್ಕೇ ಬಾರದೆ ಹೋಗಬಹುದು. ಹಾಗಾಗದಂತೆ ರಾಜ್ಯದ ನಿಯಮಗಳಲ್ಲಿ ಬಿಡಿಸಿ ಬರೆಯಬೇಕು. ಕಾರ್ಮಿಕ ಸಂಘಗಳು ಹಿಡಿಯಬೇಕಾದ ಪಟ್ಟು ಸದ್ಯಕ್ಕೆ ಇದೇ ಎಂದು ನನ್ನ ಅಭಿಪ್ರಾಯ.

ಆದ್ದರಿಂದಲೇ ನಿಮ್ಮ ಯಜಮಾನರು ನೋಂದಣಿ ಮಾಡಿಸದಿದ್ದರೆ ಈಗಲೇ ಮಾಡಿಸಲಿ, ಮಾಡಿಸಿದ್ದರೆ ನವೀಕರಣದ ದಿನಾಂಕ ನೋಡಿಕೊಳ್ಳಲಿ. ಒಂದು ನೂರು ಪುಟದ ನೋಟ್‌ಬುಕ್ ತಂದುಕೊಡಿ. ಯಾವ ದಿನ ಯಾವ ಸೈಟು, ಗುತ್ತಿಗೆದಾರರ ಹೆಸರು, ಕೂಲಿ ಎಷ್ಟು ಎಂದು ದಿನಕ್ಕೊಂದು ಸಾಲು ಬರೆಯಲಿ. ವಾರಕ್ಕೊಮ್ಮೆ ಸೈಟಿನಲ್ಲಿ ಮೊಬೈಲಿನಿಂದ ಒಂದು ಫೋಟೊ. ತೊಂಬತ್ತು ದಿನದ ಪ್ರಮಾಣಪತ್ರ ಕೇಳಿದಾಗ ‘ನಿನ್ನ ಮುಖವನ್ನೇ ನೋಡಿಲ್ಲ’ ಎನ್ನುವ ಗುತ್ತಿಗೆದಾರರ ಮುಂದೆ ಈ ನೋಟ್‌ಬುಕ್ ಮಾತನಾಡುತ್ತದೆ.

ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯನ್ನೂ ಅವರು ನೋಡಬಹುದು. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಈ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಗಾರೆ ಕೆಲಸವೂ ಒಂದು. ಐದರಿಂದ ಏಳು ದಿನದ ತರಬೇತಿ, ಆ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯ ವೋಚರ್, ಬೇಕಿದ್ದರೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಸಾಲ. ದಿನಕ್ಕೆ ಒಂಬೈನೂರು ದುಡಿಯುವವರಿಗೆ ಐನೂರರ ಭತ್ಯೆ ನಷ್ಟವೇ. ಆದರೆ ವೋಚರಿನಲ್ಲಿ ಟೈಲ್ಸ್ ಕತ್ತರಿಸುವ ಯಂತ್ರದಂಥದ್ದು ಸಿಕ್ಕಿದರೆ ಲೆಕ್ಕ ಸರಿಹೋಗುತ್ತದೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿದ ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಇದು ಸಿಗುತ್ತದೆ. ಸಾಲದ ಅಗತ್ಯವಿಲ್ಲದಿದ್ದರೆ ತರಬೇತಿ, ವೋಚರು ಎರಡನ್ನೇ ಪಡೆದು ಬರಲಿ.

ಕೊನೆಗೆ, ನೀವು ಕೇಳದೆ ಬಿಟ್ಟ ಪ್ರಶ್ನೆ. ಮನೆಯವರ ಕೂಲಿ ಎಷ್ಟೆಂದು ಬರೆದಿದ್ದೀರಿ, ಮಗ ಏನು ಓದಿದ್ದಾನೆಂದು ಬರೆದಿದ್ದೀರಿ. ನಿಮ್ಮದನ್ನು ‘ನಾನೂ ಜೊತೆಯಲ್ಲೇ ಹೋಗುತ್ತೇನೆ’ ಎಂಬಷ್ಟರಲ್ಲಿ ಮುಗಿಸಿದ್ದೀರಿ. ಹನ್ನೆರಡು ವರ್ಷ ಮರಳು ಜರಡಿ ಹಿಡಿದು, ಗಾರೆ ಕಲಸಿ, ಬಾಂಡಲಿ ಹೊತ್ತವರು ಜೊತೆಯಲ್ಲಿ ಹೋದವರಲ್ಲ. ಕುಶಲ, ಅಕುಶಲ ಯಾವ ಕೆಲಸವಾದರೂ ಕೂಲಿಗೆ ದುಡಿಯುವ ಪ್ರತಿಯೊಬ್ಬರೂ ಕಾನೂನಿನಲ್ಲಿ ಕಟ್ಟಡ ಕಾರ್ಮಿಕರೇ. ಗಂಡನ ಕಾರ್ಡಿನಲ್ಲಿ ಅವಲಂಬಿತರಾಗಿ ಇರುವುದೇ ಬೇರೆ, ನಿಮ್ಮದೇ ಕಾರ್ಡ್ ಇರುವುದೇ ಬೇರೆ. ಅರವತ್ತಾದ ಮೇಲಿನ ಪಿಂಚಣಿ ನಿಮ್ಮ ಹಕ್ಕಿನಿಂದ ಬರಬೇಕಾದರೆ ನಿಮ್ಮದೇ ನೋಂದಣಿ ಬೇಕು.

ಇದು ತಪ್ಪುವುದು ಹೇಗೆಂದು ನಾನು ನೋಡಿದ್ದೇನೆ. ಶನಿವಾರದ ಬಟವಾಡೆಯಲ್ಲಿ ಹೆಂಡತಿಯ ಕೂಲಿಯನ್ನೂ ಗಂಡನ ಕೈಗೇ ಎಣಿಸಿ ಕೊಡುತ್ತಾರೆ. ಗುತ್ತಿಗೆದಾರರ ಹಾಜರಿ ಪುಸ್ತಕದಲ್ಲಿ ಮೇಸ್ತ್ರಿಯ ಹೆಸರಿನ ಮುಂದೆ ‘+1’ ಎಂದಿರುತ್ತದೆ. ಆ ‘+1’ ನೀವು. ಪ್ರಮಾಣಪತ್ರ ಬರೆಯುವ ದಿನ ಅದಕ್ಕೊಂದು ಹೆಸರಿರುವುದಿಲ್ಲ.

ಕಲಿಯುವುದಾದರೆ ಈ ಮನೆಯಲ್ಲಿ ಲಾಭ ಹೆಚ್ಚಾಗುವುದೂ ನಿಮಗೇ. ಯಜಮಾನರು ಈಗಾಗಲೇ ಮೇಸ್ತ್ರಿ, ಅವರ ಕೂಲಿ ಏರಲು ಜಾಗ ಕಡಿಮೆ. ಕೈಯಾಳಿನಿಂದ ಮೇಸ್ತ್ರಿಯಾಗುವ ಮೆಟ್ಟಿಲು ನಿಮ್ಮ ಮುಂದಿದೆ. ಟೈಲ್ಸ್ ಹಾಕುವುದು, ಪುಟ್ಟಿ ಬಳಿಯುವುದು, ಬಣ್ಣ, ಒಳಗೋಡೆಯ ಪ್ಲಾಸ್ಟರಿಂಗ್ ಇವಕ್ಕೆ ತೋಳಿನ ಬಲಕ್ಕಿಂತ ಕೈಯ ಹದ ಮುಖ್ಯ. ‘ಹೆಂಗಸರು ಕರಣೆ ಹಿಡಿಯುತ್ತಾರೆಯೇ’ ಎಂದು ನಗುವ ಸೈಟುಗಳಲ್ಲಿಯೇ, ಮಧ್ಯಾಹ್ನ ಊಟಕ್ಕೆ ಹೋದ ಗಂಡ ಬರುವಷ್ಟರಲ್ಲಿ ಅರ್ಧ ಗೋಡೆಗೆ ಸಾರಣೆ ಮಾಡಿಟ್ಟ ಹೆಂಡತಿಯರನ್ನು ನಾನು ಕಂಡಿದ್ದೇನೆ. ಮಂಡಳಿಯ ತರಬೇತಿಗೆ ಅರ್ಜಿ ಹಾಕುವಾಗ ನಿಮ್ಮ ಹೆಸರಿನಲ್ಲಿಯೂ ಒಂದು ಹಾಕಿ. ಗಂಡು ಹೆಣ್ಣಿಗೆ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು ಕಾನೂನು 1976ರಿಂದಲೂ ಹೇಳುತ್ತಿದೆ. ಅದನ್ನು ಕೇಳಬೇಕಾದರೂ ಮೊದಲು ನಿಮ್ಮ ಕೆಲಸದ ಹೆಸರು ‘ಹೆಲ್ಪರ್’ ಎಂಬುದರಿಂದ ಆಚೆಗೆ ಬರಬೇಕು.

ಬರುವ ಶನಿವಾರ ಸಂಜೆ ಗುತ್ತಿಗೆದಾರರು ಬಟವಾಡೆಗೆ ಬಂದೇ ಬರುತ್ತಾರೆ. ತೊಂಬತ್ತು ದಿನದ ಪ್ರಮಾಣಪತ್ರದ ನಮೂನೆ ಎರಡು ಪ್ರತಿ ತೆಗೆದುಕೊಂಡು ಹೋಗಿ, ಎರಡಕ್ಕೂ ಬೇರೆ ಬೇರೆ ಸಹಿ ಹಾಕಿಸಿ. ಹಾಕುವುದಿಲ್ಲ ಎಂದರೆ ನಿಮ್ಮ ಭಾಗದ ನೋಂದಾಯಿತ ಕಟ್ಟಡ ಕಾರ್ಮಿಕರ ಸಂಘಕ್ಕೆ ನೋಟ್‌ಬುಕ್ ಸಮೇತ ಹೋಗಿ. ಇಬ್ಬರ ಆಧಾರ್, ಇಬ್ಬರ ಬೇರೆ ಬೇರೆ ಬ್ಯಾಂಕ್ ಪಾಸ್‌ಪುಸ್ತಕ, ಫೋಟೊ ಜೊತೆಯಲ್ಲಿರಲಿ. ನಿಮ್ಮ ಹೆಸರಿನಲ್ಲಿ ಖಾತೆ ಇಲ್ಲದಿದ್ದರೆ ಸೋಮವಾರ ಮೊದಲು ಬ್ಯಾಂಕಿಗೆ.